ಗರಾಜಿನಲ್ಲಿ ಉಳಿದ ನಾಲ್ಕು ಡಬ್ಬಿಗಳು

ಹೂಸ್ಟನ್ನಿನ ಆ ಗರಾಜಿನಲ್ಲಿ ಮೂರನೆಯ ಡಬ್ಬಿಯನ್ನು ತೆರೆದು ನೋಡಿದ್ದು ನನಗೆ ಚೆನ್ನಾಗಿ ನೆನಪಿದೆ. ಚೆನ್ನಾಗಿ ನೆನಪಿದೆ ಎಂಬುದೇ ನನ್ನ ಅನುಮಾನಕ್ಕೆ ಕಾರಣ. ತೀರಾ ಸಾಮಾನ್ಯವಾದ ಕೆಲಸ ಯಾರಿಗೂ ಅಷ್ಟು ಚೆನ್ನಾಗಿ ನೆನಪಿರುವುದಿಲ್ಲ. ಬಹಳ ಸಲ ನೆನೆಸಿಕೊಂಡ ಮೇಲೆ ಮಾತ್ರ ಅದಕ್ಕೆ ಅಂಥ ಹೊಳಪು ಬರುತ್ತದೆ.

ಆಸ್ಟಿನ್ನಿನ ಒಂದು ಸಣ್ಣ ಲ್ಯಾಬಿನಲ್ಲಿ ಹಳೆಯ ಸಿನಿಮಾ ಸುರುಳಿಗಳನ್ನು ಸ್ವಚ್ಛ ಮಾಡಿ, ಹರಿದಲ್ಲಿ ಜೋಡಿಸಿ, ಸ್ಕ್ಯಾನ್ ಮಾಡಿಕೊಡುವುದು ನನ್ನ ಕೆಲಸವಾಗಿತ್ತು. ಡಾಲಸ್ ಹತ್ತಿರದ ಮೆಕಿನ್ನಿಯಲ್ಲಿ ಒಬ್ಬ ಗೆಳೆಯನ ಗೃಹಪ್ರವೇಶದ ಊಟದ ಸಾಲಿನಲ್ಲಿ ಪಕ್ಕದಲ್ಲಿ ನಿಂತಿದ್ದ ಹೆಣ್ಣುಮಗಳೊಬ್ಬಳು ನನ್ನ ಕೆಲಸದ ಬಗ್ಗೆ ಕೇಳಿ, "ಹಂಗಾದ್ರ ನೀವು ನಮ್ಮ ಅಪ್ಪನ್ನ ಭೇಟಿ ಆಗ್ಲೇಬೇಕ್ರಿ. ಅವರ ಗರಾಜ್‌ನ್ಯಾಗ ಸಿನಿಮಾದ ಐದು ಡಬ್ಬಿ ಕೂತಾವ. ಅಮ್ಮ ದಿನಾ ಹೊರಗ ಹಾಕ್ರಿ ಅಂತಾಳ," ಎಂದಳು. ಅವಳ ತಂದೆ ಹೂಸ್ಟನ್ನಿನಲ್ಲಿ ನೆಲೆಸಿದ ಧಾರವಾಡದವರು. ತೈಲ ಕಂಪನಿಯಲ್ಲಿ ಎಂಜಿನಿಯರ್ ಆಗಿ ನಿವೃತ್ತರಾದ ಮೇಲೆ ಪಿಟೀಲು ಮಾಡಲು ಕುಳಿತವರು. ಗುರುವಿಲ್ಲ, ಪುಸ್ತಕ ನೋಡಿ, ಮರ ಹಾಳು ಮಾಡಿ ಕಲಿತದ್ದು. ಟೆಕ್ಸಸ್ಸಿನ ಗುಡ್ಡಗಾಡಿನಲ್ಲಿ ಜರ್ಮನರು ಹಿಂದೆ ಬಂದು ನೆಲೆಸಿದ ಒಂದು ಊರಿನಲ್ಲಿ ತೀರಿಹೋದ ಪಿಟೀಲು ರಿಪೇರಿಯವನೊಬ್ಬನ ಸಾಮಾನನ್ನೆಲ್ಲ ಇವರು ಒಟ್ಟಾಗಿ ಕೊಂಡಿದ್ದರು. ಉಳಿ, ಹಿಡಿಕೆ, ಒಣಗಿದ ಮೇಪಲ್ ಮರದ ತುಂಡುಗಳ ಜೊತೆ ಆ ಐದು ತಗಡಿನ ಡಬ್ಬಿಗಳೂ ಬಂದಿದ್ದವು.

ನಾನು ಹೋದದ್ದು ನವರಾತ್ರಿಯ ಮೊದಲ ಭಾನುವಾರ. ಅಂಕಲ್ ಬಾಗಿಲಲ್ಲೇ ಕಾಯುತ್ತಿದ್ದರು. ಚಹಾಕ್ಕೂ ಮುಂಚೆ ಗರಾಜಿಗೆ ಕರೆದುಕೊಂಡು ಹೋಗಿ, ಹರಿದು ಕೈಗೆ ಬಂದಿದ್ದ ಒಂದು ಗೇಣುದ್ದದ ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು.

"ನೋಡು ತಮ್ಮಾ. ಈ ಮುದುಕ ಕಾದ ಕಬ್ಬಣಕ್ಕ ಪಿಟೀಲಿನ ಮಗ್ಗಲದ ಮೇಪಲ್ ಪಟ್ಟಿ ಒತ್ತಿ ಬಗ್ಗಸಾಕತ್ತಾನ. ನಾ ಬಗ್ಗಿಸಿದ್ರ ಹತ್ತರಾಗ ನಾಕು ಮುರೀತಾವ. ಇವನ ಹೆಬ್ಬಟ್ಟು ಎಲ್ಲಿ ಐತಿ ನೋಡು. ಇದರ ಮುಂದಿಂದು ನಾ ನೋಡಬೇಕು. ಅದು ಓಡೂದು ನೋಡಬೇಕು."

ಆ ತುಂಡಿನ ಚಿತ್ರಗಳಲ್ಲಿ ಕಂಡ ಉಡುಪು, ಗೋಡೆಯ ಮೇಲಿನ ಪಟ, ಬಾಗಿಲಲ್ಲಿ ನಿಂತ ಸಮವಸ್ತ್ರದವನು, ಇಷ್ಟರಿಂದಲೇ ಅದು ಯುದ್ಧಕಾಲದ ಜರ್ಮನ್ ಕಥಾಚಿತ್ರವೆಂದು ಊಹಿಸಬಹುದಿತ್ತು. ಹೆಸರಿನ ಭಾಗ ಇರಲಿಲ್ಲ. ಕತೆ ಬಹುಶಃ ಪಿಟೀಲು ಮಾಡುವವರು, ನುಡಿಸುವವರು, ಅವರನ್ನು ಸೈನ್ಯಕ್ಕೆ ಕರೆಯಲು ಬಂದವರದು. ಆ ಕಾಲದಲ್ಲಿ ಆ ಸರ್ಕಾರದ ಕಣ್ಣೆದುರು ತಯಾರಾದ ಸಿನಿಮಾ ಸಂಗೀತದ್ದಾದ ಮಾತ್ರಕ್ಕೆ ನಿಷ್ಕಪಟವಾಗಿರಬೇಕಿಲ್ಲ ಎಂದು ನಾನು ಅಂಕಲ್‌ಗೆ ಹೇಳಿದೆ. ಅವರು, "ಅದು ನಿನ್ನ ಕೆಲಸ. ನನಗ ಹೆಬ್ಬಟ್ಟು ಸಾಕು," ಎಂದರು.

ಹಳೆಯ ಸುರುಳಿ ಸಿಕ್ಕಾಗ ಮೊದಲು ಮಾಡಬೇಕಾದ ಪರೀಕ್ಷೆ ಒಂದಿದೆ. ಸಿನಿಮಾದ ಮೊದಲ ಅರ್ಧ ಶತಮಾನದ ಫಿಲ್ಮೆಲ್ಲ ಹೆಚ್ಚುಕಡಿಮೆ ನೈಟ್ರೇಟ್. ಅದು ಬಂದೂಕಿನ ಮದ್ದಿನ ಹತ್ತಿರದ ಸಂಬಂಧಿ. ಉರಿಯಲು ಬೇಕಾದ ಆಮ್ಲಜನಕವನ್ನು ತನ್ನೊಳಗೇ ಇಟ್ಟುಕೊಂಡಿರುವುದರಿಂದ ಒಮ್ಮೆ ಹೊತ್ತಿತೆಂದರೆ ನೀರಿನಲ್ಲಿ ಮುಳುಗಿಸಿದರೂ ಆರುವುದಿಲ್ಲ. ಅದರ ಹೊಗೆ ವಿಷ. ಕೆಟ್ಟಿದ್ದರಂತೂ ಕಾದ ಕೋಣೆಯಲ್ಲಿ ಕಡ್ಡಿ ಗೀರದೆಯೂ ಹೊತ್ತಿಕೊಳ್ಳಬಹುದು. ಆಮೇಲೆ ಬಂದ ಸುರಕ್ಷಿತ ಫಿಲ್ಮ್ ಹಾಗಲ್ಲ; ಅದು ಕೆಟ್ಟರೆ ವಿನಿಗರ್ ವಾಸನೆ ಬರುತ್ತದೆ, ಅಷ್ಟೆ. ಅಂಚಿನಲ್ಲಿ ಅಚ್ಚಾದ ಗುರುತಿನಿಂದ ಯಾವುದು ಯಾವುದೆಂದು ಸಾಮಾನ್ಯವಾಗಿ ತಿಳಿಯುತ್ತದೆ. ಅದಕ್ಕೆ ಸುರುಳಿಯ ಮೊದಲ ಕೆಲವು ಅಡಿ ನೋಡಿದರೆ ಸಾಲದು, ಚಿತ್ರ ಇರುವ ಭಾಗದವರೆಗೂ ಬಿಚ್ಚಬೇಕು. ಯಾಕೆಂದರೆ ಸವೆದ ತುದಿಗಳಿಗೆ ಪ್ರೊಜೆಕ್ಟರಿನವರು ಹೊಸ ಫಿಲ್ಮ್ ಅಂಟಿಸಿರುತ್ತಾರೆ.

ಇದೆಲ್ಲ ನನಗೆ ಗೊತ್ತಿತ್ತು. ಮೊದಲ ಡಬ್ಬಿಯ ತುದಿಯಲ್ಲಿ ಸುರಕ್ಷಿತ ಎಂಬ ಗುರುತು ಕಂಡಿತು. ಎರಡನೆಯದರಲ್ಲೂ ಕಂಡಿತು. ವಿನಿಗರ್ ವಾಸನೆ ಇರಲಿಲ್ಲ. ಸ್ವಲ್ಪ ಕರ್ಪೂರದ ವಾಸನೆ ಇತ್ತು. ನನ್ನ ಬೆನ್ನ ಹಿಂದಿನ ಕಪಾಟಿನಲ್ಲಿ ಆಂಟಿ ಹಬ್ಬಕ್ಕೆಂದು ತಂದ ಊದುಬತ್ತಿ, ಬತ್ತಿ, ಕರ್ಪೂರದ ಪೊಟ್ಟಣಗಳನ್ನು ಜೋಡಿಸಿದ್ದರು. ನವರಾತ್ರಿಯಲ್ಲಿ ನಮ್ಮವರ ಮನೆಯೊಳಗೆ ಕರ್ಪೂರದ ವಾಸನೆ ಬಂದರೆ ಯಾರು ತಲೆ ಎತ್ತಿ ನೋಡುತ್ತಾರೆ? ಅಷ್ಟರಲ್ಲಿ ಆಂಟಿ ಊಟಕ್ಕೆ ಕರೆದರು. ಜೋಳದ ರೊಟ್ಟಿ, ಎಣ್ಣೆಗಾಯಿ. ಊಟ ಮುಗಿಸಿ ಮತ್ತೆ ಗರಾಜಿಗೆ ಬಂದೆವು.

ಬಂದ ಮೇಲೆ ಮೂರನೆಯ ಡಬ್ಬಿ ತೆರೆದು, ಚಿತ್ರದವರೆಗೂ ಬಿಚ್ಚಿ, ಭೂತಗನ್ನಡಿಯಲ್ಲಿ ಅಂಚು ನೋಡಿದೆ ಎಂಬುದು ನನ್ನ ನೆನಪು. ನಾಲ್ಕು, ಐದನ್ನೂ ನೋಡಿದೆ ಎಂಬುದು ನನ್ನ ಊಹೆ.

"ಎಲ್ಲಾ ಬರೋಬ್ಬರಿ ಅದಾವೇನು?" ಎಂದು ಅಂಕಲ್ ಕೇಳಿದರು.

"ಚೆನ್ನಾಗಿವೆ ಅಂಕಲ್. ಐದೂ ತಗೊಂಡು ಹೋಗ್ಲಾ?"

"ಒಂದು ಒಯ್ಯಿ. ಉಳಿದವು ಹಬ್ಬ ಆದ ಮ್ಯಾಲೆ. ಆಯುಧ ಪೂಜಿ ದಿನ ಕಾರು, ಗರಗಸ, ಪಿಟೀಲು ಎಲ್ಲಾ ಇಲ್ಲೇ ಇಡ್ತೀನಿ. ಇವಕ್ಕೂ ಒಂದೀಟು ಕುಂಕುಮ ಹಚ್ಚೂಣು. ಆ ಮುದುಕ ನನಗ ಗುರು ಇದ್ದಂಗ."

ಮೊದಲ ಡಬ್ಬಿಯನ್ನು ಕಾರಿನ ಹಿಂದಿನ ಸೀಟಿನಲ್ಲಿಟ್ಟು ಆಸ್ಟಿನ್ನಿಗೆ ಡ್ರೈವ್ ಮಾಡಿದೆ. ಏಸಿ ಹಾಕಿದ್ದೆನೋ ಇಲ್ಲವೋ ಅದೂ ಈಗ ನೆನಪಿಲ್ಲ.

ಬೇರೆ ಕೆಲಸದ ಒತ್ತಡದಲ್ಲಿ ಆ ಡಬ್ಬಿ ಲ್ಯಾಬಿನ ಮೂಲೆಯಲ್ಲಿ ಕೆಲವು ದಿನ ಹಾಗೇ ಕುಳಿತಿತ್ತು. ನಾನು ಅದನ್ನು ಮೇಜಿನ ಮೇಲೆ ತೆರೆದದ್ದು ಒಂದು ಕೆಲಸದ ದಿನದ ಬೆಳಿಗ್ಗೆ. ಬೆಳಕಿನ ಪೆಟ್ಟಿಗೆಯ ಮೇಲೆ ಕೈಯಿಂದಲೇ ಮೆಲ್ಲಗೆ ಸುತ್ತುತ್ತ ಹೋದೆ. ಒಂದು ಕಾರ್ಯಾಗಾರ, ಗೋಡೆಯುದ್ದಕ್ಕೂ ತೂಗುಹಾಕಿದ ಬಿಳಿ ಪಿಟೀಲುಗಳು, ಇನ್ನೂ ವಾರ್ನಿಷ್ ಕಾಣದವು. ಒಬ್ಬ ಯುವಕ ಸಮವಸ್ತ್ರದಲ್ಲಿ ಬಂದು ತನ್ನ ಪಿಟೀಲನ್ನು ಮುದುಕನ ಕೈಗೆ ಕೊಡುತ್ತಾನೆ, ಅಡವಿಡುವಂತೆ. ಮುದುಕ ಅದನ್ನು ತೆಗೆದುಕೊಳ್ಳುವುದಿಲ್ಲ. ನಾನು ಅದರಲ್ಲಿ ಮುಳುಗಿಹೋಗಿದ್ದೆ.

ನಮ್ಮ ಲ್ಯಾಬಿನ ಮುಖ್ಯಸ್ಥೆ ಒಳಗೆ ಬಂದವರು ಬಾಗಿಲಲ್ಲೇ ನಿಂತರು.

"ಇದೇನು ವಾಸನೆ?"

"ಕರ್ಪೂರ," ಎಂದೆ ತಲೆ ಎತ್ತದೆ. "ನಾವು ಪೂಜೆಗೆ ಉರಿಸ್ತೀವಿ."

"ಇಲ್ಲಿ ಯಾರು ಪೂಜೆ ಮಾಡ್ತಿದ್ದಾರೆ?"

ನಾನು ಆಗ ತಲೆ ಎತ್ತಿದೆ. ಲ್ಯಾಬಿನಲ್ಲಿ ನಾವಿಬ್ಬರೇ ಇದ್ದೆವು. ನೈಟ್ರೇಟ್ ಫಿಲ್ಮ್ ಗಡುಸಾಗದೆ ಬಾಗಲಿ ಎಂದು ಅದನ್ನು ತಯಾರಿಸುವಾಗ ಕರ್ಪೂರ ಬೆರೆಸುತ್ತಿದ್ದರು. ಓದುವಾಗ ಇದನ್ನು ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಂಡಿದ್ದವನು ನಾನು. ಕೆಳಗೆ ಬೆಳಕಿನ ಪೆಟ್ಟಿಗೆ ನನ್ನ ಅಂಗೈಗೆ ಬೆಚ್ಚಗೆ ತಾಗುತ್ತಿತ್ತು.

ಮುಖ್ಯಸ್ಥೆ ಕೂಗಲಿಲ್ಲ. ಅವರೇ ಬಂದು ದೀಪ ಆರಿಸಿ, ಚಿತ್ರದ ಭಾಗದ ಅಂಚಿನಿಂದ ಉಗುರಿನಷ್ಟು ಕತ್ತರಿಸಿದರು. ಸುರುಳಿಯನ್ನು ಡಬ್ಬಿಗೆ ಹಾಕಿ, ಕಟ್ಟಡದಿಂದ ದೂರ, ರಾಸಾಯನಿಕಗಳನ್ನಿಡುವ ಹೊರಗಿನ ಕಬ್ಬಿಣದ ಕಪಾಟಿಗೆ ಒಯ್ದು ಇಟ್ಟೆವು. ಆಮೇಲೆ ಇನ್ನೊಂದು ದಿಕ್ಕಿನ ಖಾಲಿ ಪಾರ್ಕಿಂಗಿಗೆ ಹೋಗಿ, ಚಿಮಟದಲ್ಲಿ ಹಿಡಿದ ಆ ಚೂರಿಗೆ ಅವರು ಬೆಂಕಿ ತಾಗಿಸಿದರು. ಸುರಕ್ಷಿತ ಫಿಲ್ಮ್ ಆಗಿದ್ದರೆ ಕರಗಿ, ಮುದುಡಿ, ಆರುತ್ತಿತ್ತು. ಇದು ಹಳದಿಯಾಗಿ ಒಮ್ಮೆ ಭಗ್ಗೆಂದಿತು. ಚಿಮಟದಲ್ಲಿ ಏನೂ ಉಳಿಯಲಿಲ್ಲ.

"ಉಳಿದ ಡಬ್ಬಿಗಳು ಎಲ್ಲಿವೆ?" ಎಂದು ಕೇಳಿದರು.

ನಾನು ಹೇಳಿದೆ. ಹೇಳುತ್ತಿರುವಾಗಲೇ ಅಂದು ಯಾವ ದಿನವೆಂದು ಹೊಳೆಯಿತು. ಟೆಕ್ಸಸ್ಸಿನಲ್ಲಿ ಎಲ್ಲರೂ ಹಬ್ಬವನ್ನು ಶನಿವಾರಕ್ಕೆ ತಳ್ಳುತ್ತಾರೆ. ಅಂಕಲ್ ಮಾತ್ರ ಪಂಚಾಂಗದ ದಿನವೇ ಮಾಡುವವರು, "ದೇವರಿಗೆ ವೀಕೆಂಡ್ ಇಲ್ಲ" ಎನ್ನುವವರು. ಅಂದೇ ಆಯುಧ ಪೂಜೆ.

ಅಂಕಲ್ ಫೋನಿಗೆ ಮಾಡಿದೆ. ರಿಂಗ್ ಆಗಿ ಆಗಿ ನಿಂತಿತು. ಆಂಟಿಯ ಫೋನೂ ಹಾಗೆಯೇ. ಮತ್ತೆ ಮಾಡಿದೆ. ಕೊನೆಗೆ ಮೆಕಿನ್ನಿಯಲ್ಲಿ ಸಿಕ್ಕಿದ್ದ ಅವರ ಮಗಳಿಗೆ ಮಾಡಿದೆ. ಅವಳು ಪ್ಲೇನೋದ ಆಫೀಸಿನಲ್ಲಿದ್ದಳು.

"ಅಯ್ಯ, ಇವತ್ತು ಎತ್ತಂಗಿಲ್ರಿ ಅವರು. ಫೋನೂ ಆಯುಧನ ಅಂತಾರಪ್ಪ. ಎರಡೂ ಗರಾಜ್‌ನ್ಯಾಗ ಕುಂಕುಮ ಹಚ್ಕೊಂಡು ಕೂತಿರ್ತಾವ. ಪೂಜಿಗೆ ಇಟ್ಟಿದ್ದು ನಾಳೆ ದಶಮಿ ತನಕ ಮುಟ್ಟಂಗಿಲ್ಲ," ಎಂದು ನಕ್ಕಳು. "ಯಾಕ್ರಿ, ಏನಾತು?"

ಹಾಗಾದರೆ ನಾನು ಇಷ್ಟು ಹೊತ್ತು ಮಾಡಿದ ಫೋನು ಆ ಡಬ್ಬಿಗಳ ಪಕ್ಕದಲ್ಲೇ ಅದುರುತ್ತಿತ್ತು. ದೀಪ, ಊದುಬತ್ತಿ, ನಡುವೆ ಡಬ್ಬಿಗಳು. ಕೊನೆಗೆ ಎಲ್ಲದಕ್ಕೂ ತೋರಿಸುವ ಕರ್ಪೂರದಾರತಿ. ನಾನು ನೈಟ್ರೇಟ್ ಅಂದರೇನೆಂದು ವಿವರಿಸಿದೆ. ಅವಳ ನಗು ನಿಂತಿತು.

"ಪಕ್ಕದ ಮನೆಯವರ ನಂಬರ್ ಇದೆಯಾ?"

"ಇಲ್ರಿ. ಅವರು ಹೊಸಬರು. ಆದ್ರ ನೀವು ಐದೂ ಚೆಕ್ ಮಾಡೀರಿ ಅಂತ ಅಪ್ಪ ಹೇಳಿದ್ರು. ಕೆಟ್ಟದ್ದು ನೀವು ಒಯ್ದದ್ದು ಒಂದೇ ಇರಬೋದಲ್ಲ? ಬ್ಯಾರೆ ನಾಕು ನೀವು ನೋಡೀರಿ, ಹೌದಲ್ಲ?"

ಇಷ್ಟೇ ಪ್ರಶ್ನೆ. ಹೌದು ಎಂದರೆ ಮುಗಿಯಿತು. ಮೂರನೆಯ ಡಬ್ಬಿ ಕಣ್ಣ ಮುಂದೆ ತೆರೆದಿತ್ತು. ಭೂತಗನ್ನಡಿ, ಅಂಚು, ಅಕ್ಷರ. ಆದರೆ ಆ ಅಕ್ಷರ ಯಾವ ಡಬ್ಬಿಯದು? ಊಟದ ಮೊದಲಿನದೋ, ಆಮೇಲಿನದೋ? ಮೊದಲ ಡಬ್ಬಿಯನ್ನೂ ನೋಡಿದ್ದೇನೆ ಎಂದು ಆ ಬೆಳಿಗ್ಗೆಯವರೆಗೆ ನನಗೆ ಖಾತ್ರಿಯಿತ್ತಲ್ಲ. ಅದರಲ್ಲಿ ನಾನು ನೋಡಿದ್ದು ಅಂಟಿಸಿದ ತುದಿಯನ್ನು ಮಾತ್ರ. ಕರ್ಪೂರದ ವಾಸನೆ ಬಂದದ್ದು ಮುಚ್ಚಳ ತೆಗೆದ ಮೇಲೋ, ಮೊದಲೇ ಇತ್ತೋ? ಯೋಚಿಸಿದಷ್ಟೂ ಎರಡೂ ನಿಜವೆನಿಸುತ್ತಿತ್ತು.

ಮುಖ್ಯಸ್ಥೆ ನನ್ನೆದುರು ಹೂಸ್ಟನ್ನಿನ ಅಗ್ನಿಶಾಮಕ ದಳದವರ ನಂಬರ್ ಹುಡುಕಿ ಇಟ್ಟುಕೊಂಡಿದ್ದರು. "ಒಂದು ತಿಳಿದಿರಲಿ," ಎಂದರು. "ಅವರು ಬಂದರೆ ಡಬ್ಬಿಗಳನ್ನು ವಾಪಸು ಕೊಡುವುದಿಲ್ಲ. ನಾಶ ಮಾಡುತ್ತಾರೆ. ಈ ಸಿನಿಮಾದ ಬೇರೆ ಪ್ರತಿ ಎಲ್ಲಾದರೂ ಇದೆಯೋ ಇಲ್ಲವೋ ನಮಗೆ ಗೊತ್ತಿಲ್ಲ."

ನಾನೇ ಕಾರು ಓಡಿಸಿಕೊಂಡು ಹೋಗಬಹುದಿತ್ತು. ಹೋಗುವಷ್ಟರಲ್ಲಿ ಆರತಿ ಮುಗಿದಿರುತ್ತಿತ್ತು. ಏನೂ ಆಗದೆಯೂ ಮುಗಿದಿರಬಹುದಿತ್ತು. ತಪ್ಪು ಸುದ್ದಿ ಕೊಟ್ಟು ಹಬ್ಬದ ಮನೆಗೆ ಬೂಟುಗಾಲಿನವರನ್ನು ನುಗ್ಗಿಸಿ, ಒಬ್ಬ ಹಿರಿಯ ಬಹಳ ಆಸೆಯಿಂದ ಕಾಯುತ್ತಿದ್ದುದನ್ನು ಸುಡಿಸಿದವನು ಎಂದು ನನ್ನ ಹೆಸರು ಡಾಲಸ್‌ನಿಂದ ಹೂಸ್ಟನ್‌ವರೆಗೆ ಹರಿದಾಡಬಹುದಿತ್ತು. ಇವೆಲ್ಲ ಆ ಕ್ಷಣ ಹೊಳೆದವು ಎಂದು ಈಗ ಬರೆಯುತ್ತಿದ್ದೇನೆ. ನಿಜಕ್ಕೂ ಆಗ ನನ್ನ ತಲೆಯಲ್ಲಿ ಇದ್ದದ್ದು ಆಂಟಿಯ ರೇಷ್ಮೆ ಸೀರೆಯ ಸೆರಗು ಮಾತ್ರ.

"ನೋಡಿದ್ದೀನಿ ಅನ್ನೋ ನೆನಪಿದೆ," ಎಂದೆ ಮಗಳಿಗೆ. "ಆದ್ರೆ ಆ ನೆನಪನ್ನ ನಾನು ನಂಬಲ್ಲ. ಫೈರ್ ಡಿಪಾರ್ಟ್‌ಮೆಂಟಿಗೆ ಫೋನ್ ಮಾಡ್ತಿದ್ದೀನಿ."

"ಮಾಡ್ರಿ," ಎಂದಳು. "ಲಗೂನ ಮಾಡ್ರಿ."

ಫೋನು ಎತ್ತಿದ ಹೆಂಗಸು ವಿಳಾಸ ಕೇಳಿದಳು. ಒಳಗೆ ಎಷ್ಟು ಜನ ಎಂದು ಕೇಳಿದಳು. ಆ ವಸ್ತು ಖಚಿತವಾಗಿಯೂ ನೈಟ್ರೇಟ್ ಹೌದೇ ಎಂದು ಕೇಳಿದಳು.

"ಗೊತ್ತಿಲ್ಲ," ಎಂದೆ. "ಹೌದು ಎಂದೇ ತಿಳಿದು ಬನ್ನಿ. ಹತ್ತಿರದಲ್ಲಿ ದೀಪ ಉರಿಯುತ್ತಿರುತ್ತದೆ."

ಆ ಕರೆ ಮುಗಿದ ಕೂಡಲೇ ನಾನೂ ಹೊರಟೆ. ಹೂಸ್ಟನ್ನಿನ ದಾರಿಯುದ್ದಕ್ಕೂ ಫೋನನ್ನು ತೊಡೆಯ ಮೇಲಿಟ್ಟುಕೊಂಡಿದ್ದೆ. ಯಾರೂ ಮಾಡಲಿಲ್ಲ. ಮುಂದಿನ ದಿಗಂತದಲ್ಲಿ ಮೋಡ ಕಪ್ಪಗೆ ಕಂಡರೆ ಅದು ಹೊಗೆಯೇ ಅನಿಸುತ್ತಿತ್ತು. ಹತ್ತಿರ ಹೋದಂತೆ ಅದು ಬರೀ ಮೋಡವಾಗುತ್ತಿತ್ತು. ಸ್ವಲ್ಪ ದೂರದಲ್ಲಿ ಇನ್ನೊಂದು. ಒಮ್ಮೆ ಅಂಕಲ್ ಮಗಳು ಮೆಸೇಜ್ ಕಳಿಸಿದಳು. ಓದಲು ಹೆದರಿ ಪೆಟ್ರೋಲ್ ಬಂಕೊಂದರ ಬದಿಗೆ ನಿಲ್ಲಿಸಿದೆ. "ಏನಾದ್ರೂ ಗೊತ್ತಾಯ್ತಾ?" ಎಂದಷ್ಟೇ ಇತ್ತು.

ಅಂಕಲ್ ಮನೆಯ ಬೀದಿಯ ತುದಿಯಲ್ಲೇ ಅಗ್ನಿಶಾಮಕ ದಳದ ಟ್ರಕ್ಕು ಅಡ್ಡ ನಿಂತಿತ್ತು. ಕಾರು ಬಿಟ್ಟು ಓಡಿದೆ. ಎದುರು ಮನೆಯ ಹುಲ್ಲಿನ ಮೇಲೆ, ಮರದ ನೆರಳಲ್ಲಿ, ರೇಷ್ಮೆ ಸೀರೆಯ ಹೆಂಗಸರು, ಪಂಚೆಯ ಗಂಡಸರು ಬರಿಗಾಲಲ್ಲಿ ಗುಂಪಾಗಿ ನಿಂತಿದ್ದರು. ಎಲ್ಲ ನಿವೃತ್ತರು. ಮನೆ ಇದ್ದಲ್ಲೇ ಇತ್ತು. ಗರಾಜಿನ ಬಾಗಿಲು ತೆರೆದಿತ್ತು. ಕಾರಿನ ಮೂತಿಗೆ ಹಾಕಿದ್ದ ಸೇವಂತಿಗೆ ಹಾರ ಬಿಸಿಲಿಗೆ ಬಾಡಿತ್ತು.

"ಬಂದ ನೋಡ್ರಿ ಸಿನಿಮಾದವ," ಎಂದರು ಅಂಕಲ್‌ನ ಗೆಳೆಯರೊಬ್ಬರು. "ಏ ತಮ್ಮಾ, ಹೋಳಿಗಿ ಒಳಗ ಅದಾವ. ಅವನ್ನೂ ಬಾಂಬ್ ಅಂತ ಒಯ್ದಾರೇನು ಕೇಳು."

"ಸುಮ್ನಿರ್ರೀ," ಎಂದು ಅವರ ಹೆಂಡತಿ ಗದರಿದರು. "ಇವರಿಗೆ ಎಲ್ಲಿ ನಿಂತ್ರೂ ಹೊಟ್ಟಿದೇ ಚಿಂತಿ."

ಆಂಟಿ ನನ್ನ ಮೊಣಕೈ ಹಿಡಿದರು, ಬಿಡಲಿಲ್ಲ. ಅವರಿಂದಲೇ ತಿಳಿದದ್ದು: ಬೆಳಿಗ್ಗೆಯಿಂದ ಎರಡು ಎಣ್ಣೆದೀಪ ಡಬ್ಬಿಗಳ ಮಗ್ಗುಲಲ್ಲೇ ಉರಿದಿದ್ದವು. ಡಬ್ಬಿಗಳ ಮೇಲೆ ಊದುಬತ್ತಿಯ ಬೂದಿ ಬಿದ್ದಿತ್ತು. ಭಾರತೀಯ ಅಂಗಡಿಗಳಿರುವ ಹಿಲ್‌ಕ್ರಾಫ್ಟಿನಿಂದ ಬಾಕಿ ಹೂವು ತರುತ್ತಿದ್ದ ಗೆಳೆಯರೊಬ್ಬರು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದರಿಂದ ಆರತಿ ಇನ್ನೂ ಆಗಿರಲಿಲ್ಲ. ಅವರು ಬರುವ ಮೊದಲೇ ಟ್ರಕ್ಕು ಬಂದಿತ್ತು. ಅಂಥ ವಸ್ತು ಮುಟ್ಟುವ ತಂಡ ತನ್ನ ಪೆಟ್ಟಿಗೆ ಸಮೇತ ಬಂದದ್ದು ಮಾತ್ರ ಈಗಷ್ಟೇ.

ಮುಖಗವಸಿನ ಇಬ್ಬರು ನಾಲ್ಕು ಡಬ್ಬಿಗಳನ್ನು ಒಂದೊಂದಾಗಿ, ಹೆಜ್ಜೆ ಸಪ್ಪಳವಾಗದ ಹಾಗೆ ತಂದು ದಪ್ಪ ಪೆಟ್ಟಿಗೆಯೊಂದರಲ್ಲಿ ಇಳಿಸುತ್ತಿದ್ದರು. ಮುಚ್ಚಳಗಳ ಮೇಲೆ ಅರಿಸಿನ, ಕುಂಕುಮ ಹಚ್ಚಿತ್ತು. ಅಂಕಲ್ ಪಂಚೆಯಲ್ಲಿ, ಹೆಗಲ ಮೇಲೆ ಶಲ್ಯ, ಅದನ್ನೇ ನೋಡುತ್ತ ನಿಂತಿದ್ದರು. ನನ್ನನ್ನು ಕಂಡು ಮತ್ತೆ ಡಬ್ಬಿಗಳ ಕಡೆ ತಿರುಗಿದರು.

ನಾನು ಅಧಿಕಾರಿಯ ಬಳಿ ಹೋಗಿ ಯಾರೆಂದು ಹೇಳಿಕೊಂಡೆ. ಒಂದೇ ಒಂದು ಡಬ್ಬಿಯ ಅಂಚು ನೋಡಲು ಬಿಡಿ, ಮೂರನೆಯದು ಸಾಕು, ಅದು ಸುರಕ್ಷಿತ ಎಂದಾದರೆ ಉಳಿಸಬಹುದು ಎಂದೆ.

"ಗೊತ್ತಿಲ್ಲ ಎಂದು ಫೋನಿನಲ್ಲಿ ಹೇಳಿದವರು ನೀವಲ್ಲವೇ?" ಎಂದ.

"ಹೌದು."

"ಈ ಜನರ ಮುಂದೆ, ಈ ಡ್ರೈವ್‌ವೇಯಲ್ಲಿ ಅದನ್ನು ಗೊತ್ತು ಮಾಡಿಕೊಳ್ಳುವ ಆಸೆ ನನಗಿಲ್ಲ." ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ.

ಪೆಟ್ಟಿಗೆಯ ಮುಚ್ಚಳ ಬಿತ್ತು. ನಾಲ್ಕನ್ನೂ ಊರ ಹೊರಗೆಲ್ಲೋ ತೆರೆಯದೆಯೇ ಸುಟ್ಟರೆಂದು ಅಂಕಲ್‌ಗೆ ಆಮೇಲೆ ತಿಳಿಸಿದರು. ಡಬ್ಬಿಯೊಳಗೆ ಇದ್ದದ್ದು ಯಾವ ಬಗೆಯ ಫಿಲ್ಮೆಂದು ಕೇಳಿ ನಾನು ಹಲವು ಬಾರಿ ಫೋನ್ ಮಾಡಿದೆ. ಸುಟ್ಟವರಿಗೂ ಅದು ಗೊತ್ತಿರಲಿಲ್ಲ, ಅಥವಾ ಗಮನಿಸಿರಲಿಲ್ಲ.

ಆಸ್ಟಿನ್ನಿನಲ್ಲಿ ಉಳಿದ ಮೊದಲ ಸುರುಳಿಯನ್ನು ಸಾಗಿಸುವುದೇ ಒಂದು ವ್ರತವಾಯಿತು. ನೈಟ್ರೇಟನ್ನು ಸಾಮಾನ್ಯ ಅಂಚೆಯಲ್ಲಿ ಕಳಿಸುವಂತಿಲ್ಲ. ಪರವಾನಗಿ ಇದ್ದವರು, ಅವರದೇ ಪೆಟ್ಟಿಗೆ, ಅವರದೇ ವಾಹನ. ಬೇರೊಂದು ರಾಜ್ಯದಲ್ಲಿ ಅಂಥ ಫಿಲ್ಮಿಗೆಂದೇ ತಂಪು ಕೋಣೆಗಳಿರುವ ಕಡೆ ಅದು ಸ್ಕ್ಯಾನ್ ಆಗಿ ಬರುವಷ್ಟರಲ್ಲಿ ಚಳಿಗಾಲ ಮುಗಿದಿತ್ತು. ಆ ತಿಂಗಳುಗಳಲ್ಲಿ ಅಂಕಲ್ ನನಗೆ ಫೋನ್ ಮಾಡಲಿಲ್ಲ. ನಾನು ಮಾಡಿದಾಗ ಆಂಟಿ ಎತ್ತಿ, "ಗರಾಜ್‌ನ್ಯಾಗ ಅದಾರ, ಕೈ ತುಂಬ ಸರೇಸು," ಎನ್ನುತ್ತಿದ್ದರು.

ಸ್ಕ್ಯಾನ್ ಮಾಡಿದ್ದನ್ನು ತೆಗೆದುಕೊಂಡು ಒಂದು ಮಧ್ಯಾಹ್ನ ಹೋದೆ. ಅವರ ಟಿವಿಯಲ್ಲಿ ಹಾಕಿದೆವು. ಶಬ್ದ ಗೊರಗೊರ ಎನ್ನುತ್ತಿತ್ತು. ಸಮವಸ್ತ್ರದ ಯುವಕ ಪಿಟೀಲು ಚಾಚಿ ನಿಂತ. ಮುದುಕ ಬೆನ್ನು ತಿರುಗಿಸಿ ಕಬ್ಬಿಣ ಕಾಯಿಸತೊಡಗಿದ. ಮೇಪಲ್ ಪಟ್ಟಿಯನ್ನು ನೀರಿನಲ್ಲಿ ಅದ್ದಿ ಕಬ್ಬಿಣಕ್ಕೆ ಒತ್ತಿದ. ಹಬೆ ಎದ್ದಿತು. ಅಂಕಲ್ ಸೋಫಾದಿಂದ ಎದ್ದು ಪರದೆಯ ಹತ್ತಿರ ನೆಲದ ಮೇಲೆ ಕುಳಿತರು. ಪಟ್ಟಿ ಬಾಗತೊಡಗಿತು. ಹೆಬ್ಬೆರಳು ಸರಿಯಿತು. ಪಟ್ಟಿಯನ್ನು ಪಿಟೀಲಿನ ಮೈಯಾಕಾರದ ಅಚ್ಚಿಗೆ ಕೂರಿಸಲು ಮುದುಕ ತಿರುಗಿದ, ಅಷ್ಟಕ್ಕೆ ಸುರುಳಿ ಮುಗಿಯಿತು.

ಅವರು ಅದನ್ನು ಮತ್ತೆ ಹಾಕಿಸಿದರು. ಇನ್ನೊಮ್ಮೆಯೂ ಹಾಕಿಸಿದರು.

"ಭಾಳ ಸಿಟ್ಟು ಬಂದಿತ್ತು ನಿನ್ನ ಮ್ಯಾಲೆ," ಎಂದರು ಆಮೇಲೆ, ಪರದೆಯಿಂದ ಕಣ್ಣು ತೆಗೆಯದೆ. "ಊರ ಮಂದಿ ಮುಂದ ಬರಿಗಾಲಾಗ ನಿಲ್ಲಿಸಿದಿ ಅಂತ. ಆಮೇಲೆ ವಿಚಾರ ಮಾಡಿದೆ. ನೀ ಅವತ್ತು ಫೋನಿನ್ಯಾಗ 'ನೋಡೀನಿ' ಅಂದಿದ್ರ ನನ್ನ ಮಗಳು ನಂಬತಿದ್ದಳು. ನಾ ಆರತಿ ಮಾಡ್ತಿದ್ದೆ."

ಅಡುಗೆಮನೆಯಲ್ಲಿ ಆಂಟಿ ಚಹಾ ಸೋಸುವ ಸದ್ದು ನಿಂತಿತು.

"ಅಂಕಲ್," ಎಂದೆ. "ಆ ಮೂರನೇ ಡಬ್ಬಿ ನೋಡಿದ್ದೆ ಅಂತ ನಂಗೆ ಇವತ್ತಿಗೂ ಅನಿಸುತ್ತೆ. ಮೊದಲಿಗಿಂತ ಈಗ್ಲೇ ಇನ್ನೂ ಸ್ಪಷ್ಟವಾಗಿ ಕಾಣುತ್ತೆ. ಅಂಚಷ್ಟೇ ಅಲ್ಲ, ಒಳಗಿನ ಚಿತ್ರಗಳೂ. ಭಯ ಆಗುತ್ತೆ. ಎಲ್ಲಿಂದ ಬಂತು ಗೊತ್ತಿಲ್ಲ. ಈ ಸುರುಳಿ ನೋಡಿ ನಾನೇ ಕಟ್ಕೊಂಡಿರಬಹುದು."

ಅವರು ಮೊದಲ ಸಲ ನನ್ನ ಕಡೆ ತಿರುಗಿದರು.

"ಅದರಾಗ ಪಟ್ಟಿ ಅಚ್ಚಿಗೆ ಕೂಡಿಸೂದು ಇತ್ತೇನು?"

"ಅಂಕಲ್, ಅದು ನಿಜ ಅಲ್ಲದೇ ಇರಬಹುದು."

"ಇತ್ತೇನು?"

"ಇದ್ದ ಹಾಗಿದೆ."

ಅವರು ರಿಮೋಟಿನಿಂದ ಟಿವಿ ಆರಿಸಿ, ಗೋಡೆಗೆ ಒರಗಿ, ಕಾಲು ಮಡಚಿ ಕುಳಿತರು.

"ಹೇಳು."

"ಹೇಳ್ತೀನಿ. ಆದ್ರೆ ನಂಬಬೇಡಿ."

"ನಂಬೂದಿಲ್ಲ," ಎಂದರು. "ಹೇಳು."